ಪುಟದ ಮೇಲಿನ ಚಿತ್ರ, ಓದುಗರ ಮೇಲಿನ ಭಾರ

2017ರ ಜೂನ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ವರದಿ ಇದ್ದಕ್ಕಿದ್ದಂತೆ ಸುದ್ದಿಯಾಯಿತು. ದೇಶದ ಗಡಿಯಲ್ಲಿ ಹೊನಲು ಬೆಳಕಿನ ದೀಪ ಅಳವಡಿಸುವ ಕೆಲಸದ ಬಗ್ಗೆ ಬರೆದ ಭಾಗಕ್ಕೆ ಒಂದು ಚಿತ್ರ ಹಾಕಿದ್ದರು. ಉದ್ದಕ್ಕೆ ಸಾಗಿದ ಬೇಲಿ, ಅದರ ಜೊತೆಗೇ ಸಾಲು ದೀಪ. ಚಿತ್ರ ಚೆನ್ನಾಗಿಯೇ ಇತ್ತು, ಆದರೆ ಅದು ಭಾರತದ ಗಡಿಯದಾಗಿರಲಿಲ್ಲ. ಸ್ಪೇನ್ ಮತ್ತು ಮೊರಾಕೊ ನಡುವಿನ ಗಡಿಯದು ಎಂಬುದನ್ನು ಆಲ್ಟ್ ನ್ಯೂಸ್ ತಾಣ ಪತ್ತೆ ಹಚ್ಚಿತು. ಸಚಿವಾಲಯ ವಿಚಾರಣೆಗೆ ಆದೇಶಿಸಬೇಕಾಯಿತು. ವರದಿಯಲ್ಲಿ ಇನ್ನೇನಿತ್ತೆಂದು ಇವತ್ತು ಯಾರಿಗೂ ನೆನಪಿಲ್ಲ. ಆ ಒಂದು ಚಿತ್ರ ಮಾತ್ರ ಉಳಿದುಕೊಂಡಿದೆ.

ಅಷ್ಟು ದೊಡ್ಡ ಮಟ್ಟದಲ್ಲಿ ಅಲ್ಲದಿದ್ದರೂ ಇದೇ ಬಗೆಯ ಎಡವಟ್ಟು ಜಾಲತಾಣಗಳಲ್ಲಿ ದಿನವೂ ನಡೆಯುತ್ತದೆ. ಬರಹ ಮುಗಿಯುತ್ತದೆ, ಮೇಲೊಂದು ಚಿತ್ರ ಇರಲಿ ಎನ್ನಿಸುತ್ತದೆ, ವಿಷಯದ ಹೆಸರು ಕೊಟ್ಟು ಹುಡುಕಿದಾಗ ಮೊದಲು ಸಿಕ್ಕಿದ್ದು ಪುಟಕ್ಕೆ ಏರುತ್ತದೆ. ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಬರೆದ ಪುಟವನ್ನೇ ನೋಡಿ. ಮಲೆನಾಡಿನ ಬೆಳೆಗಾರ ಗಾಬರಿಯಿಂದ ಅದನ್ನು ತೆರೆಯುತ್ತಾನೆ. ಅಲ್ಲಿ ಕಾಣುವುದು ಹಸಿರು ತುಂಬಿದ, ರೋಗದ ಸುಳಿವೇ ಇಲ್ಲದ ತೋಟ. ಅವನಿಗೆ ಬೇಕಿದ್ದದ್ದು ಸೋಗೆಯ ಮೇಲಿನ ಚುಕ್ಕೆ ಆರಂಭದಲ್ಲಿ ಹೇಗಿರುತ್ತದೆ, ಹರಡಿದ ಮೇಲೆ ಹೇಗಾಗುತ್ತದೆ, ತನ್ನ ತೋಟದಲ್ಲಿ ಕಂಡದ್ದು ಇದೇನಾ ಎಂಬ ಉತ್ತರ. ಹತ್ತಿರದಿಂದ ತೆಗೆದ ಎರಡು ಸಾಧಾರಣ ಫೋಟೊ ಆ ಉತ್ತರ ಕೊಡುತ್ತಿದ್ದವು. ತೋಟದ ಸುಂದರ ಚಿತ್ರ ಕೊಟ್ಟದ್ದು ಏನೂ ಇಲ್ಲ.

ಹೀಗೆ ಸುಮ್ಮನೆ ಹಾಕಿದ ಚಿತ್ರವನ್ನು ಓದುಗರು ನೋಡುವುದೂ ಇಲ್ಲ. ಜಾಲಪುಟಗಳ ಬಳಕೆಯನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತ ಬಂದಿರುವ ಯಾಕೋಬ್ ನೀಲ್ಸನ್ 2010ರಲ್ಲಿ ಒಂದು ವರದಿ ಪ್ರಕಟಿಸಿದರು. ಓದುವವರ ಕಣ್ಣು ಪರದೆಯ ಮೇಲೆ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ಯಂತ್ರದಿಂದ ಅಳೆದು ಬರೆದದ್ದು ಅದು. ಪುಟ ತುಂಬಿಸಲು ಹಾಕಿದ ಅಲಂಕಾರದ ಚಿತ್ರಗಳನ್ನು, ಮುಖ್ಯವಾಗಿ ದುಡ್ಡು ಕೊಟ್ಟು ತಂದ ನಗುಮುಖದ ರೂಪದರ್ಶಿಗಳನ್ನು, ಜನರ ಕಣ್ಣು ಹಾಯ್ದು ಹೋಗುತ್ತಿತ್ತು. ಒಂದು ಸಂಸ್ಥೆಯಲ್ಲಿ ನಿಜವಾಗಿ ಕೆಲಸ ಮಾಡುವವರ ಭಾವಚಿತ್ರಗಳ ಮೇಲೆ ಅದೇ ಕಣ್ಣು ನಿಂತು ನೋಡುತ್ತಿತ್ತು. ಅಂಗಡಿಗಳ ಪುಟದಲ್ಲೂ ಅಂಥದೇ ವ್ಯತ್ಯಾಸ. ಪುಸ್ತಕದ ಕಪಾಟು ಮಾರುವ ಪುಟದಲ್ಲಿ ಒಂದೊಂದು ಚಿತ್ರವನ್ನೂ ಜನ ಪರೀಕ್ಷಿಸಿ ನೋಡಿದರು, ಟಿವಿ ಮಾರುವ ಪುಟದಲ್ಲಿ ಚಿತ್ರಗಳನ್ನು ಬಿಟ್ಟು ಅಕ್ಷರಗಳನ್ನು ಓದಿದರು. ಕಪಾಟಿನ ಆಕಾರ, ಮರದ ಬಣ್ಣ ಕೊಳ್ಳುವ ನಿರ್ಧಾರಕ್ಕೆ ಬೇಕು. ಸಣ್ಣ ಚಿತ್ರದಲ್ಲಿ ಎಲ್ಲ ಟಿವಿಗಳೂ ಒಂದೇ ಥರ ಕಾಣುತ್ತವೆ.

ಚಿತ್ರ ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. ಮಾತಿನಲ್ಲಿ ಹೇಳಲಾಗದ್ದನ್ನು ಈ ಚಿತ್ರ ತೋರಿಸುತ್ತದೆಯೇ? ಮೈಸೂರು ಪಾಕ್ ಮಾಡುವ ವಿಧಾನ ಬರೆದವರು ತಟ್ಟೆಯಲ್ಲಿ ಜೋಡಿಸಿದ ಚೌಕಗಳನ್ನು ಆರು ಕೋನದಿಂದ ತೋರಿಸುತ್ತಾರೆ. ಅಡುಗೆ ಕಲಿಯುವ ಹುಡುಗಿ ತಡವರಿಸುವುದು ಅಲ್ಲಲ್ಲ, ಒಂದೆಳೆ ಪಾಕ ಎಂದರೆ ಎಷ್ಟು ಎಂಬಲ್ಲಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಳೆ ಎದ್ದಿರುವ ಒಂದೇ ಚಿತ್ರ ಅವಳ ಪಾಕವನ್ನು ಉಳಿಸುತ್ತದೆ. ಇಳಕಲ್ ಸೀರೆ ಮಾರುವವರಿಗೂ ಇದೇ ಮಾತು. ಸೀರೆ ಉಟ್ಟ ರೂಪದರ್ಶಿಯ ಚಿತ್ರ ಒಂದಿರಲಿ, ಬೇಡವೆನ್ನುವವರಿಲ್ಲ. ಆದರೆ ದೂರದ ಊರಿನಲ್ಲಿ ಕುಳಿತು ದುಡ್ಡು ಕಳಿಸುವ ಗಿರಾಕಿಗೆ ಸೆರಗಿನ ಕೆಂಪು, ಅಂಚಿನ ಅಗಲ, ಒಡಲಿನ ಚೌಕುಳಿ, ಒಡಲಿಗೆ ಸೆರಗು ಕೂಡಿಕೊಳ್ಳುವ ಜಾಗ ಹತ್ತಿರದಿಂದ ಕಾಣಬೇಕು. ಅದನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಬಣ್ಣ ಕೆಡುತ್ತದೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಸೀರೆ ಹಾಸಿ ತೆಗೆದರೆ ಮೊಬೈಲ್ ಕ್ಯಾಮೆರಾವೇ ಸಾಕು. ಬಣ್ಣ ಬೇರೆ ಬಂತು ಎಂದು ವಾಪಸಾಗುವ ಸೀರೆಗಳು ಎಷ್ಟೋ ಕಡಿಮೆಯಾಗುತ್ತವೆ.

ಆರಿಸಿದ್ದಾಯಿತು. ಇನ್ನು ತೂಕದ ಮಾತು.

ಜಾಲ ಹುಟ್ಟಿದ್ದು ಅಕ್ಷರಗಳಿಗಾಗಿ. ಮೊದಮೊದಲು ಅಲ್ಲಿಗೆ ಏರಿದ ಫೋಟೊಗಳಲ್ಲಿ ಒಂದು, ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದ ಹಾಡುಗಾರ್ತಿಯರ ತಂಡದ್ದು. 1992ರಲ್ಲಿ ತೆಗೆದ ಚಿತ್ರ. 1993ರ ಫೆಬ್ರುವರಿಯಲ್ಲಿ ಮಾರ್ಕ್ ಆಂಡ್ರೀಸನ್ ಎಂಬ ಯುವಕ, ಅಕ್ಷರಗಳ ನಡುವೆಯೇ ಚಿತ್ರ ಕೂರಿಸುವ ಸಂಕೇತವೊಂದನ್ನು ಸೂಚಿಸಿದ. ಅದೇ ವರ್ಷ ಅವನೂ ಅವನ ಜೊತೆಗಾರರೂ ಸಿದ್ಧಪಡಿಸಿದ ಮೊಸಾಯಿಕ್ ಬ್ರೌಸರ್ ಅದನ್ನು ತೋರಿಸಿತು. ಜನಸಾಮಾನ್ಯರು ಜಾಲಕ್ಕೆ ಬಂದದ್ದು ಅದಾದ ಮೇಲೆ.

ಆದರೆ ಅಷ್ಟು ಚಿತ್ರಗಳು ಟೆಲಿಫೋನ್ ತಂತಿಯ ಮೇಲೆ ಸಾಗಬೇಕಲ್ಲ! ಅದು ಸಾಧ್ಯವಾದದ್ದರ ಹಿಂದೆ ಬೆಂಗಳೂರಿನವರೊಬ್ಬರ ಗಣಿತ ಇದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಜನ ಇಂದಿಗೂ ಯುವಿಸಿಇ ಎಂದು ಕರೆಯುವ ಕೆ.ಆರ್. ವೃತ್ತದ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಆಮೇಲೆ ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಗಳಿಸಿ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು. 1972ರಲ್ಲಿ, ಚಿತ್ರಗಳ ಗಾತ್ರ ಇಳಿಸಲು ಹೊಳೆದ ಒಂದು ಯೋಚನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು. ಸಿಗಲಿಲ್ಲ. ಯೋಚನೆ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದನ್ನು ಅಹ್ಮದ್ ಮುಂದೆ ಬರೆದುಕೊಂಡಿದ್ದಾರೆ. ಅವರು ಬಿಡಲಿಲ್ಲ. 1973ರ ಬೇಸಿಗೆಯಲ್ಲಿ ಸಂಬಳವಿಲ್ಲದೆ ಕೆಲಸ ಮುಂದುವರಿಸಿದರು. ಶಿಷ್ಯ ಟಿ. ನಟರಾಜನ್, ಗೆಳೆಯ ಕೆ.ಆರ್. ರಾವ್ ಜೊತೆಗೂಡಿದರು. ಮೂವರ ಹೆಸರಿನಲ್ಲಿ 1974ರ ಜನವರಿಯಲ್ಲಿ ಪ್ರಕಟವಾದ ಚಿಕ್ಕ ಪ್ರಬಂಧವೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. 1992ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಜೆಪೆಗ್ ಚಿತ್ರಗಳು ನಿಂತಿರುವುದು ಇದರ ಮೇಲೆಯೇ. ಊರಿನ ಮದುವೆಯ ಫೋಟೊದಿಂದ ಹಿಡಿದು ಪತ್ರಿಕೆಯ ಮುಖಪುಟದವರೆಗೆ ಮೊಬೈಲಿನಲ್ಲಿ ಕಾಣುವ ಬಹುಪಾಲು ಚಿತ್ರಗಳು ಈ ಲೆಕ್ಕಾಚಾರವನ್ನು ದಾಟಿ ಬಂದವು. ಕನ್ನಡನಾಡಿನ ಶಾಲೆಗಳಲ್ಲಿ ಈ ಹೆಸರು ಇನ್ನೂ ಹೆಚ್ಚು ಕೇಳಿಬರಬೇಕಿತ್ತು.

ಜೆಪೆಗ್ ಮಾಡುವುದು ಇಷ್ಟು. ಚಿತ್ರವನ್ನು ಅಡ್ಡ 8, ಉದ್ದ 8 ಬಿಂದುಗಳ ಪುಟ್ಟ ಚೌಕಗಳಾಗಿ ವಿಂಗಡಿಸುತ್ತದೆ. ಒಂದೊಂದು ಚೌಕದಲ್ಲೂ ನಿಧಾನವಾಗಿ ಬದಲಾಗುವ ಬೆಳಕು ನೆರಳು ಎಷ್ಟು, ಥಟ್ಟನೆ ಬದಲಾಗುವ ಸೂಕ್ಷ್ಮ ವಿವರ ಎಷ್ಟು ಎಂದು ಡಿಸಿಟಿ ಬೇರ್ಪಡಿಸುತ್ತದೆ. ಮೊದಲನೆಯದಕ್ಕೆ ಮನುಷ್ಯನ ಕಣ್ಣು ಚುರುಕು. ಎರಡನೆಯದರಲ್ಲಿ ಒಂದಿಷ್ಟು ಕಳೆದುಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಗೊತ್ತಾಗದ್ದನ್ನು ಜೆಪೆಗ್ ಬಿಟ್ಟುಬಿಡುತ್ತದೆ. ಬಿಟ್ಟದ್ದು ಮರಳಿ ಬಾರದು. ಒಂದೇ ಚಿತ್ರ ವಾಟ್ಸ್ಯಾಪ್ ಗುಂಪಿನಿಂದ ಗುಂಪಿಗೆ ಇಳಿಸಿ ಏರಿಸಿ, ಸ್ಕ್ರೀನ್‌ಶಾಟ್ ತೆಗೆದು ಮತ್ತೆ ಹಂಚಿದಾಗ ಮಸುಕಾಗಿ, ಚೌಕಚೌಕವಾಗಿ ಕಾಣುವುದು ಈ ಕಾರಣಕ್ಕೆ. ಜಾಲಪುಟಕ್ಕೆ ಚಿತ್ರ ಬೇಕಾದರೆ ತೆಗೆದವರಿಂದ ಮೂಲ ಫೈಲನ್ನೇ ಕೇಳಿ ಪಡೆಯಬೇಕು.

ಪಡೆದ ಮೂಲವನ್ನು ಹಾಗೆಯೇ ಪುಟಕ್ಕೆ ಹಾಕುವುದು ಇನ್ನೊಂದು ಅತಿ. ಇವತ್ತಿನ ಸಾಮಾನ್ಯ ಫೋನ್ ತೆಗೆಯುವ ಫೋಟೊದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000 ಬಿಂದುಗಳು, ಒಟ್ಟು 1.2 ಕೋಟಿ. ಅದನ್ನು ನೋಡುವ ಫೋನಿನ ಪರದೆಯ ಅಗಲವೋ, ಹೆಚ್ಚಿನವುಗಳಲ್ಲಿ 1080 ಬಿಂದು. ಆ ಅಗಲಕ್ಕೆ ತಕ್ಕಂತೆ ಇಳಿಸಿದರೆ 9 ಲಕ್ಷಕ್ಕಿಂತ ಕಡಿಮೆ ಬಿಂದುಗಳು ಸಾಕು, ಅಂದರೆ ಸುಮಾರು ಹದಿನಾಲ್ಕರಲ್ಲಿ ಒಂದು ಪಾಲು. ಸೇರು ಅಕ್ಕಿ ಕೇಳಿದವರ ತಲೆಗೆ ಮೂಟೆ ಹೊರಿಸಿದ ಹಾಗೆ, ಉಳಿದದ್ದೆಲ್ಲ ಓದುಗರ ಡೇಟಾಕ್ಕೆ ಭಾರ. ಲೆಕ್ಕ ಹಾಕಿ ನೋಡಬಹುದು. 4 ಎಂಬಿ ಚಿತ್ರ ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಇಳಿಯಲು 16 ಸೆಕೆಂಡು ಬೇಕು. ಅದನ್ನೇ 160 ಕೆಬಿಗೆ ಇಳಿಸಿದರೆ ಒಂದು ಸೆಕೆಂಡು ತುಂಬುವುದಿಲ್ಲ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಬೆಂಗಳೂರಿನ ಕಚೇರಿಯ ವೈಫೈನಲ್ಲಿ ಪುಟ ಪರೀಕ್ಷಿಸಿ ಸರಿಯಿದೆ ಎನ್ನುವವರು, ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಓದುಗರಿದ್ದಾರೆ ಎಂಬುದನ್ನು ಮರೆಯಬಾರದು.

ಯಾವ ಬಗೆಯ ಫೈಲ್ ಎಂಬುದೂ ಮುಖ್ಯ. ಫೋಟೊಗೆ ಜೆಪೆಗ್ ಸರಿ. ಆದರೆ ಗೆರೆ, ಅಕ್ಷರ, ಚಪ್ಪಟೆ ಬಣ್ಣ ಇರುವ ಚಿತ್ರಕ್ಕೆ ಅದು ಹೊಂದದು. ಡಿಸಿಟಿಗೆ ಚೂಪಾದ ಅಂಚುಗಳೆಂದರೆ ಕಷ್ಟ, ಅಕ್ಷರಗಳ ಸುತ್ತ ಕೊಳೆ ಮೆತ್ತಿದಂತೆ ಕಾಣುತ್ತದೆ. ಅಂಥವಕ್ಕೆ 1996ರಲ್ಲಿ ಬಂದ ಪಿಎನ್‌ಜಿ ಇದೆ. ಅದರ ಹುಟ್ಟಿಗೆ ಕಾರಣ ಒಂದು ಪೇಟೆಂಟ್ ಜಗಳ. 1987ರಿಂದ ಬಳಕೆಯಲ್ಲಿದ್ದ ಜಿಫ್ ಒಳಗಿನ ತಂತ್ರಕ್ಕೆ ಯುನಿಸಿಸ್ ಕಂಪನಿ ಹಣ ಕೇಳತೊಡಗಿದಾಗ ತಂತ್ರಜ್ಞರು ಒಟ್ಟು ಸೇರಿ ಯಾರ ಹಂಗೂ ಇಲ್ಲದ ಹೊಸದನ್ನು ಕಟ್ಟಿದರು. ನಕ್ಷೆ, ಲಾಂಛನಗಳಿಗೆ ಎಸ್‌ವಿಜಿ ಇನ್ನೂ ಒಳ್ಳೆಯದು. ಅದರಲ್ಲಿ ಬಿಂದುಗಳ ಬದಲು ಗೆರೆಗಳ ಲೆಕ್ಕವೇ ಇರುವುದರಿಂದ ಎಷ್ಟು ಹಿಗ್ಗಿಸಿದರೂ ಮಸುಕಾಗದು. ಗೂಗಲ್ 2010ರಲ್ಲಿ ತಂದ ವೆಬ್‌ಪಿ, ಆಮೇಲಿನ ಎವಿಐಎಫ್ ಎರಡೂ ಅದೇ ಗುಣಮಟ್ಟದ ಫೋಟೊವನ್ನು ಜೆಪೆಗ್‌ಗಿಂತ ಕಡಿಮೆ ಜಾಗದಲ್ಲಿ ಇಡುತ್ತವೆ. ಈಗಿನ ಬ್ರೌಸರುಗಳೆಲ್ಲ ಅವನ್ನು ತೋರಿಸುತ್ತವೆ. ಪುಟ ಕಟ್ಟುವವರು ಚಿತ್ರದ ಅಗಲ ಎತ್ತರವನ್ನು ಮೊದಲೇ ಬರೆದಿಟ್ಟರೆ ಇನ್ನೊಂದು ಕಿರಿಕಿರಿಯೂ ತಪ್ಪುತ್ತದೆ. ಓದುತ್ತಿರುವಾಗ ತಡವಾಗಿ ಬಂದ ಚಿತ್ರ ಸಾಲುಗಳನ್ನು ಕೆಳಕ್ಕೆ ತಳ್ಳಿ, ಬೆರಳು ಬೇಡದ ಕೊಂಡಿಯ ಮೇಲೆ ಬೀಳುವ ಅನುಭವ ಯಾರಿಗಿಲ್ಲ?

ಈಗ ಕನ್ನಡದ್ದೇ ಆದ ಒಂದು ತೊಂದರೆಯ ಕಡೆ ತಿರುಗಬೇಕು. ಕನ್ನಡ ಜಾಲದಲ್ಲಿ ಹಾಕಬಾರದ ಚಿತ್ರಗಳಲ್ಲಿ ಅತಿ ಹೆಚ್ಚು ಇರುವುದು ಅಕ್ಷರಗಳ ಚಿತ್ರ.

ಇದಕ್ಕೊಂದು ಇತಿಹಾಸ ಇದೆ. 1990ರ ದಶಕದಲ್ಲಿ ಕನ್ನಡ ಲಿಪಿ ತೋರಿಸಲು ಒಬ್ಬೊಬ್ಬರದು ಒಂದೊಂದು ಫಾಂಟ್. ಬರೆದವರ ಕಂಪ್ಯೂಟರಿನಲ್ಲಿದ್ದ ಫಾಂಟ್ ಓದುವವರಲ್ಲಿ ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಆಗ ಬರಹವನ್ನೇ ಚಿತ್ರವಾಗಿಸಿ ಹಾಕುವುದು ಅನಿವಾರ್ಯವಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, ಈಗ ಎಲ್ಲ ಸಾಧನಗಳಿಗೂ ಒಂದೇ ಆದ ಯುನಿಕೋಡ್ ಸಂಕೇತದ ಕನ್ನಡ ತೋರಿಸದ ಸ್ಮಾರ್ಟ್‌ಫೋನೇ ಇಲ್ಲ. ಕಾರಣ ಹೋಯಿತು, ಅಭ್ಯಾಸ ಹೋಗಲಿಲ್ಲ. ಇಲಾಖೆಯ ಸುತ್ತೋಲೆ ಇಂದಿಗೂ ಸ್ಕ್ಯಾನ್ ಆಗಿ ಚಿತ್ರರೂಪದಲ್ಲಿ ಪುಟ ಸೇರುತ್ತದೆ. ನಾಟಕದ ಆಹ್ವಾನ, ಪ್ರವೇಶ ಪರೀಕ್ಷೆಯ ದಿನಾಂಕ, ಬಸ್ಸಿನ ವೇಳಾಪಟ್ಟಿ, ಎಲ್ಲವೂ ಬಣ್ಣಬಣ್ಣದ ಪೋಸ್ಟರ್. ಅಂಥ ಪೋಸ್ಟರಿನೊಳಗಿನ ಪದವನ್ನು ಹುಡುಕಿ ತೆಗೆಯುವುದು ಕಷ್ಟ. ನಕಲು ಮಾಡಿ ಇನ್ನೊಬ್ಬರಿಗೆ ಕಳಿಸುವುದೂ ಅನುವಾದಕ್ಕೆ ಕೊಡುವುದೂ ಸುಲಭವಲ್ಲ. ಸಣ್ಣ ಪರದೆಯಲ್ಲಿ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಎಳೆದಾಡಿ ಓದಬೇಕು. ಕಣ್ಣು ಕಾಣದವರಿಗಂತೂ ಅಲ್ಲಿ ಏನೂ ಇಲ್ಲ. ಪೋಸ್ಟರ್ ಇರಲಿ, ಅದರ ಕೆಳಗೆ ದಿನ, ಸಮಯ, ಜಾಗ, ಸಂಪರ್ಕವನ್ನು ಮಾಮೂಲಿ ಅಕ್ಷರಗಳಲ್ಲಿ ಟೈಪ್ ಮಾಡಿ ಹಾಕಬೇಕು. ಎರಡು ನಿಮಿಷದ ಕೆಲಸ ಇದು. ಮಾಡದಿರಲು ಒಳ್ಳೆಯ ಕಾರಣ ಒಂದೂ ಇಲ್ಲ. ಕೃತಕ ಬುದ್ಧಿಮತ್ತೆಯಿಂದ ಪೋಸ್ಟರ್ ಮಾಡಿಸುವವರು ಇನ್ನೂ ಒಂದು ಎಚ್ಚರ ವಹಿಸಬೇಕು. ಆ ಸಾಧನಗಳು ಕನ್ನಡದ ಒತ್ತಕ್ಷರ, ಗುಣಿತಗಳನ್ನು ಎಷ್ಟೋ ಸಲ ಕಲಸಿಹಾಕುತ್ತವೆ.

ಕಣ್ಣು ಕಾಣದವರು ಜಾಲವನ್ನು ಕಿವಿಯಿಂದ ಓದುತ್ತಾರೆ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳಿವೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದಿಸಬಹುದು. ಫೋನುಗಳಲ್ಲಿ ಟಾಕ್‌ಬ್ಯಾಕ್ ಇದೆ. ಅಕ್ಷರ ಸಿಕ್ಕಿದರೆ ಅವು ಓದುತ್ತವೆ. ಚಿತ್ರ ಎದುರಾದಾಗ, ಪುಟ ಕಟ್ಟಿದವರು ಅದರ ಹಿಂದೆ ಬರೆದಿಟ್ಟ ವಿವರಣೆಯನ್ನು ಹುಡುಕುತ್ತವೆ. ಇದಕ್ಕೆ ಆಲ್ಟ್ ಬರಹ ಎನ್ನುತ್ತಾರೆ. ಅದನ್ನು ಬರೆಯದೇ ಬಿಟ್ಟಿದ್ದರೆ, ಚಿತ್ರದ ಮೇಲೆ ಕೊಂಡಿಯಿರುವ ಕಡೆ ಫೈಲಿನ ಹೆಸರನ್ನೇ, ಐಎಂಜಿ ಎಂದು ಶುರುವಾಗಿ ಉದ್ದನೆಯ ಅಂಕಿಗಳಲ್ಲಿ ಮುಗಿಯುವ ಹೆಸರನ್ನು, ಒಂದೊಂದಾಗಿ ಓದಿ ಕೇಳುವವರನ್ನು ಸುಸ್ತಾಗಿಸುವುದುಂಟು.

ಈ ಸಣ್ಣ ವಿವರಣೆಯ ಸಲುವಾಗಿ ಒಲಿಂಪಿಕ್ಸ್ ಸಮಿತಿಯೊಂದು ಪರಿಹಾರ ತೆತ್ತಿದೆ. 2000ನೇ ಇಸವಿಯ ಸಿಡ್ನಿ ಕ್ರೀಡಾಕೂಟದ ಜಾಲತಾಣದಲ್ಲಿ ಚಿತ್ರಗಳಿಗೆ ಆಲ್ಟ್ ಬರಹ ಸರಿಯಾಗಿ ಇರಲಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಬ್ರೂಸ್ ಮಗ್ವಾಯರ್ 1999ರಲ್ಲಿ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರಿತ್ತರು. ಸರಿಪಡಿಸುವುದಕ್ಕೆ ಭಾರಿ ಹಣ, ಸಮಯ ಬೇಕು ಎಂದು ಸಮಿತಿ ವಾದಿಸಿತು. ಆಯೋಗ ಒಪ್ಪಲಿಲ್ಲ. ಕ್ರೀಡೆ ಶುರುವಾಗುವ ಮುಂಚೆ ಸರಿಪಡಿಸಿ ಎಂದಿತು. ಸಮಿತಿ ಪೂರ್ತಿ ಸರಿಪಡಿಸಲಿಲ್ಲ, ಕೊನೆಗೆ 20,000 ಆಸ್ಟ್ರೇಲಿಯನ್ ಡಾಲರ್ ಕೊಡಬೇಕಾಯಿತು. ಭಾರತದಲ್ಲೂ ಸರ್ಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದೆ. ಪಾಲನೆ ಮಾತ್ರ ಇನ್ನೂ ಬಹಳ ದೂರ ಬರಬೇಕು.

ವಿವರಣೆ ಬರೆಯುವುದು ಒಂದು ಕಸುಬು, ಬರವಣಿಗೆ ಬಲ್ಲವರಿಗೆ ಹಿಡಿಸುವ ಕಸುಬು. ಹಂಪಿಯ ಕಲ್ಲಿನ ರಥದ ಫೋಟೊಗೆ ‘ಚಿತ್ರ’ ಎಂದೋ ‘ಹಂಪಿ’ ಎಂದೋ ಬರೆದರೆ ಕೇಳುವವರಿಗೆ ಏನೂ ದಕ್ಕದು. ಶಿಲ್ಪದ ಬಗೆಗಿನ ಬರಹವಾದರೆ, ‘ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥ, ಚಕ್ರಗಳ ಮೇಲೆ ಸುತ್ತು ಸುತ್ತಾದ ಕೆತ್ತನೆ, ಮುಂದೆ ಎರಡು ಆನೆಗಳು’ ಎನ್ನಬಹುದು. ಅದೇ ಫೋಟೊ ಪ್ರವಾಸಿಗರ ದಟ್ಟಣೆಯ ಬಗೆಗಿನ ವರದಿಯಲ್ಲಿದ್ದರೆ ಹೇಳಬೇಕಾದದ್ದು ರಥದ ಸುತ್ತ ನೆರೆದ ಜನರ ಬಗ್ಗೆ. ಒಂದೇ ಚಿತ್ರ, ಬೇರೆ ಕೆಲಸ, ಬೇರೆ ವಿವರಣೆ. ಬರೀ ಅಲಂಕಾರದ ಗೆರೆ, ಹೂಬಳ್ಳಿಗಳಿಗೆ ವಿವರಣೆಯನ್ನು ಬೇಕೆಂದೇ ಖಾಲಿ ಎಂದು ಗುರುತಿಸಿಡಬೇಕು, ಆಗ ತಂತ್ರಾಂಶ ಅದನ್ನು ದಾಟಿ ಮುಂದೆ ಹೋಗುತ್ತದೆ.

ಫೋಟೊ ಫೈಲಿನೊಳಗೆ ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯೂ ಇರುತ್ತದೆ. ತೆಗೆದ ದಿನ, ಸಮಯ, ಫೋನಿನ ಮಾದರಿ, ಜಾಗದ ಅಕ್ಷಾಂಶ ರೇಖಾಂಶ ಕೂಡ. 2012ರ ಡಿಸೆಂಬರಿನಲ್ಲಿ, ಬೆಲೀಜ್ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಆ್ಯಂಟಿವೈರಸ್ ಉದ್ಯಮಿ ಜಾನ್ ಮೆಕಾಫಿಯ ಫೋಟೊವನ್ನು ವೈಸ್ ಪತ್ರಿಕೆ ತನ್ನ ತಾಣದಲ್ಲಿ ಹಾಕಿತು. ಅವನು ಗ್ವಾಟೆಮಾಲಾದಲ್ಲಿ ಇರುವುದನ್ನು ಆ ಫೈಲೇ ಲೋಕಕ್ಕೆ ಹೇಳಿಬಿಟ್ಟಿತು. ಕೆಲವೇ ದಿನಗಳಲ್ಲಿ ಅವನು ಅಲ್ಲಿ ಬಂಧಿತನಾದ. ವಾಟ್ಸ್ಯಾಪ್ ಫೋಟೊ ಕಳಿಸುವಾಗ ಈ ಮಾಹಿತಿಯನ್ನು ತೆಗೆದುಹಾಕುತ್ತದೆ, ಆದರೆ ನಿಮ್ಮದೇ ತಾಣಕ್ಕೆ ನೇರವಾಗಿ ಏರಿಸಿದ ಫೈಲಿನಲ್ಲಿ ಅದು ಉಳಿದಿರಬಹುದು. ಮನೆಯಂಗಳದಲ್ಲಿ ಆಡುವ ಮಗುವಿನ ಫೋಟೊ, ಪಶ್ಚಿಮ ಘಟ್ಟದ ಅಪರೂಪದ ಸೀತಾಳೆ ದಂಡೆಯ ಫೋಟೊ ಹಾಕುವವರು ಜಾಗದ ಗುರುತನ್ನು ಅಳಿಸಿಯೇ ಹಾಕಬೇಕು.

ಉಳಿದದ್ದು ಹಕ್ಕಿನ ವಿಷಯ. ‘ಚಿತ್ರಕೃಪೆ: ಗೂಗಲ್’ ಅಥವಾ ‘ಕೃಪೆ: ಅಂತರ್ಜಾಲ’ ಎಂಬ ಒಕ್ಕಣೆ ಕನ್ನಡ ಪುಟಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದೊಂದು ಅನುಮತಿ ಪತ್ರ ಎಂದೇ ಹಲವರು ತಿಳಿದಿದ್ದಾರೆ. ಗೂಗಲ್ ಚಿತ್ರವನ್ನು ಹುಡುಕಿ ಕೊಡುತ್ತದೆ, ಅದರ ಒಡೆತನ ಗೂಗಲ್‌ನದಲ್ಲ. ಕಾಡಿನಲ್ಲಿ ದಿನಗಟ್ಟಲೆ ಕಾದು ಮಂಗಟ್ಟೆ ಹಕ್ಕಿಯ ಫೋಟೊ ತೆಗೆದವರ ಹೆಸರು ಅಲ್ಲಿ ಮಾಯವಾಗಿರುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ಮೇಲಿನ ಹಕ್ಕು ಅದನ್ನು ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ಮರುವರ್ಷದಿಂದ ಮತ್ತೆ 60 ವರ್ಷ ಇರುತ್ತದೆ. ಅನುಮತಿ ಕೇಳದೆ ಹಾಕಿದರೆ ಅದು ಕಳವು, ಕೃಪೆ ಎಂದು ಬರೆದ ಮಾತ್ರಕ್ಕೆ ಬೇರೆಯಾಗದು.

ಕೇಳದೆ ಬಳಸಬಹುದಾದ ಚಿತ್ರಗಳೂ ಬೇಕಾದಷ್ಟಿವೆ. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಅವುಗಳ ದೊಡ್ಡ ಭಂಡಾರ. ಅಲ್ಲಿನ ಹೆಚ್ಚಿನ ಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ತೆಗೆದವರ ಹೆಸರು, ಪರವಾನಗಿಯ ಹೆಸರು, ಮೂಲಕ್ಕೆ ಕೊಂಡಿ ಕೊಟ್ಟು, ಬದಲಾವಣೆ ಮಾಡಿದ್ದರೆ ಅದನ್ನೂ ಹೇಳಿ ಬಳಸಿದರೆ ಸಾಮಾನ್ಯವಾಗಿ ಸಾಕು. ಬೇಲೂರು, ಹಳೇಬೀಡು, ಬಾದಾಮಿಯ ಚಿತ್ರಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ತಾಲೂಕು ಕೇಂದ್ರದಿಂದ ಆಚೆಯ ಊರುಗಳು, ಸಂತೆ, ಗಾಣ, ಕೆರೆಯ ತೂಬು, ಹೊಲದಂಚಿನ ವೀರಗಲ್ಲು, ರಾಗಿ ಕಣ ಇವುಗಳ ಚಿತ್ರ ಹುಡುಕಿದರೆ ಕೈಗೆ ಸಿಗುವುದು ತೀರಾ ಕಡಿಮೆ. ಕನ್ನಡದ ಪುಟಗಳಲ್ಲಿ ಎಲ್ಲಿಯದೋ ಹೊಲ, ಯಾರದೋ ಅಡುಗೆಮನೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಇಂಥ ಒಂದು ಚಿತ್ರವನ್ನು ಒಳ್ಳೆಯ ಬೆಳಕಿನಲ್ಲಿ ತೆಗೆದು, ಯಾವುದು, ಎಲ್ಲಿಯದು ಎಂದು ಕನ್ನಡದಲ್ಲಿ ಬರೆದು ಕಾಮನ್ಸ್‌ಗೆ ಸೇರಿಸಿ. ಖಾತೆ ತೆರೆಯಲು ಹಣ ಕೊಡಬೇಕಿಲ್ಲ, ಕೈಯಲ್ಲಿರುವ ಮೊಬೈಲೇ ಸಾಕು.